ಕೈಗಾದ ಗುಮ್ಮಟ

ಕೈಗಾ ಎಂದೊಡನೆ ಬೆಂಗಳೂರಿನ ನನ್ನ ಮಿತ್ರರು ಕಡಲ ತಡಿಯ ಸ್ಥಾವರವನ್ನು ಕಲ್ಪಿಸಿಕೊಳ್ಳುತ್ತಾರೆ. ಅದಿರುವುದು ಕಾಳಿ ನದಿಯ ಕಣಿವೆಯಲ್ಲಿ. ಅದು ನೀರು ಕುಡಿಯುವುದು ಕದ್ರಾ ಜಲಾಶಯದಿಂದ. ಸಿದ್ದಾಪುರ ಸೀಮೆಯ ನಮ್ಮ ಮನ್ಮನೆಯಿಂದ ಅದು ದೂರವೇ. ಆದರೂ ನನ್ನ ಬಾಲ್ಯದಲ್ಲಿ ಅಡಿಕೆ ಅಟ್ಟದ ಕೆಳಗೆ ಕುಳಿತವರ ಮಾತು ಕೊನೆಗೆ ಅಲ್ಲಿಗೇ ಹೋಗಿ ಮುಟ್ಟುತ್ತಿತ್ತು. ಶಿವರಾಮ ಕಾರಂತರಂಥವರು ಆ ಸ್ಥಾವರವನ್ನು ವಿರೋಧಿಸಿ, 1989ರಲ್ಲಿ ನಮ್ಮ ಜಿಲ್ಲೆಯಿಂದಲೇ ಲೋಕಸಭೆಗೆ ಸ್ಪರ್ಧಿಸಿ ಸೋತಿದ್ದರು.

1994ರ ಮೇ 13ರಂದು, ಕಟ್ಟುತ್ತಿದ್ದ ಒಂದನೆಯ ಘಟಕದ ಒಳಗುಮ್ಮಟದಿಂದ ಸುಮಾರು 130 ಟನ್ ಕಾಂಕ್ರೀಟು ಕಳಚಿ ಬಿತ್ತು. ಸುದ್ದಿ ಕೇಳಿದ ನಮ್ಮಜ್ಜ, "ಅಪ್ಪೀ, ಮಾಡೇ ಬಿದ್ದೋತಡ!" ಎಂದು ಹೇಳಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದ.

ಅಜ್ಜ ಮಾಡು ಎಂದದ್ದು ತಪ್ಪಲ್ಲ. ಉಳಿದೆಲ್ಲ ಕೈಕೊಟ್ಟಾಗ ವಿಕಿರಣವನ್ನು ಹೊರಗೆ ಬಿಡದೆ ತಡೆಯಬೇಕಾದದ್ದೇ ಆ ಗುಮ್ಮಟ. ಅದರೊಳಗೆ ಬಾಗಿ ಹಾಯುವ ಉಕ್ಕಿನ ಹುರಿಗಳನ್ನು ಬಿಗಿದಾಗ ಕಾಂಕ್ರೀಟಿನ ದಪ್ಪದಲ್ಲಿಯೇ ಪದರದಿಂದ ಪದರವನ್ನು ಸೀಳುವ ಎಳೆತ ಹುಟ್ಟುತ್ತದೆ. ಅದನ್ನು ಹಿಡಿದು ನಿಲ್ಲಿಸುವಷ್ಟು ಅಡ್ಡ ಸರಳುಗಳು ಅಲ್ಲಿರಲಿಲ್ಲ. ಬಾಳೆದಿಂಡಿನ ಪಟ್ಟೆ ಬಿಡಿಸಿದಂತೆ ಕೆಳಪದರ ಬಿಟ್ಟುಕೊಂಡಿತು.

ಇಂಧನವನ್ನಿನ್ನೂ ತುಂಬಿರಲಿಲ್ಲವೆಂದು ಕಟ್ಟಿದವರು ಸಮಾಧಾನ ಹೇಳಿದರು. ಮೊದಲೇ ಹೇಳಿರಲಿಲ್ಲವೇ ಎಂದರು ವಿರೋಧಿಸಿದವರು. ಎರಡೂ ನಿಜವೇ. ಗುಮ್ಮಟದ ವಿನ್ಯಾಸವನ್ನು ಬದಲಿಸಬೇಕಾಯಿತು; ಅದೇ ಮಾದರಿಯ ರಾಜಸ್ಥಾನದ ಘಟಕಗಳ ಕೆಲಸವೂ ತಡೆಯಿತು. ಕಡೆಗೆ ಎರಡನೆಯ ಘಟಕವೇ ಮುಂದಾಗಿ 2000ದ ಮಾರ್ಚಿನಲ್ಲಿ ವಾಣಿಜ್ಯ ಉತ್ಪಾದನೆಗೆ ತೊಡಗಿತು. ಒಂದನೆಯದು ಅದೇ ನವೆಂಬರಿನಲ್ಲಿ. ಕಾರಂತರು ಅಷ್ಟರಲ್ಲಿ, 1997ರಲ್ಲಿಯೇ, ತೀರಿಕೊಂಡಿದ್ದರು.

ಆ ಒಂದನೆಯ ಘಟಕವೇ ಮುಂದೆ 962 ದಿನ ಒಮ್ಮೆಯೂ ನಿಲ್ಲದೆ ನಡೆದು, ಇಂಗ್ಲೆಂಡಿನ ಕಡಲತೀರದ ಹೇಶಮ್ ಸ್ಥಾವರದ 940 ದಿನಗಳ ದಾಖಲೆಯನ್ನು ಮುರಿಯಿತು. ಆ ದಾಖಲೆಯನ್ನೂ ಬಳಿಕ ಕೆನಡಾದ ಡಾರ್ಲಿಂಗ್ಟನ್ ದಾಟಿತೆನ್ನಿ. 962 ದಿನಗಳನ್ನು ಎಲ್ಲರೂ ಎಣಿಸಿದರು; ಗುಮ್ಮಟ ಬಿದ್ದಲ್ಲಿಂದ ಮೊದಲ ವಿದ್ಯುತ್ತಿನವರೆಗಿನ ಆರು ವರ್ಷಗಳನ್ನು ಎಣಿಸಿದವರನ್ನು ನಾನು ಹೆಚ್ಚು ಕಂಡಿಲ್ಲ. ದಾಖಲೆಯ ಓಟ ಮುಗಿದದ್ದು 2018ರ ಡಿಸೆಂಬರ್ 31ಕ್ಕೆ. ಮೊದಲಾದದ್ದು ಯಾವಾಗ ಎಂದು ಹಿಂದಕ್ಕೆ ಲೆಕ್ಕ ಹಾಕಿ ನೋಡಿದೆ: 2016ರ ಮೇ 13.