ಲಿಂಗಪರಿವರ್ತನಾ ಚಿಕಿತ್ಸೆಯ ಅರ್ಹತಾ ನಿಯಮಗಳು ಮತ್ತು ಹಿಂದಿರುಗಿದವರು

ಲಿಂಗಪರಿವರ್ತನಾ ಚಿಕಿತ್ಸೆಯ ಚರಿತ್ರೆ ಬಹುಮಟ್ಟಿಗೆ ಅದಕ್ಕೆ ವಿಧಿಸಲಾದ ಅರ್ಹತಾ ನಿಯಮಗಳ ಚರಿತ್ರೆಯೂ ಹೌದು. ಚಿಕಿತ್ಸೆ ಪಡೆದವರು ಮುಂದೆ ಪಶ್ಚಾತ್ತಾಪಪಡಬಾರದೆಂಬುದು ಈ ನಿಯಮಗಳಿಗೆ ನೀಡಲಾದ ಮುಖ್ಯ ಸಮರ್ಥನೆ. ಆದರೆ ಆ ಹಾದಿಯಿಂದ ಹಿಂದಿರುಗಿದವರಿಗೆ ಇವುಗಳಿಂದ ಎಷ್ಟು ನೆರವಾಯಿತೆಂಬುದು ಪರಿಶೀಲನಾರ್ಹ.

ಅಮೆರಿಕದಲ್ಲಿ ಹ್ಯಾರಿ ಬೆಂಜಮಿನ್ ಅವರ ‘ದಿ ಟ್ರಾನ್ಸ್‌ಸೆಕ್ಷುಯಲ್ ಫಿನಾಮಿನನ್’ ಗ್ರಂಥ ಪ್ರಕಟವಾದದ್ದು 1966ರಲ್ಲಿ. ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಚಿಕಿತ್ಸಾಲಯ ಬೆಳಕಿಗೆ ಬಂದದ್ದೂ ಅದೇ ವರ್ಷ. 1979ರಲ್ಲಿ ಆ ಆಸ್ಪತ್ರೆ ಈ ಶಸ್ತ್ರಚಿಕಿತ್ಸೆಯನ್ನು ನಿಲ್ಲಿಸಿತು. ಅದೇ ವರ್ಷ ಬೆಂಜಮಿನ್ ಹೆಸರಿನ ಅಂತಾರಾಷ್ಟ್ರೀಯ ಸಂಘವು ಮೊದಲ ಚಿಕಿತ್ಸಾ ಮಾನದಂಡಗಳನ್ನು ಹೊರಡಿಸಿತು. ಮನಃಶಾಸ್ತ್ರೀಯ ತಜ್ಞರ ಶಿಫಾರಸು, ಅಪೇಕ್ಷಿತ ಲಿಂಗದಲ್ಲಿ ಮುಂಚಿತವಾಗಿ ಬದುಕಿ ತೋರಿಸುವುದು ಮೊದಲಾದವು ಅನಿವಾರ್ಯವಾದವು.

ಇದರ ಪರಿಣಾಮವನ್ನು ಸ್ಯಾಂಡಿ ಸ್ಟೋನ್ 1991ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಗುರುತಿಸಿದ್ದಾರೆ. ಅಭ್ಯರ್ಥಿಗಳೂ ಬೆಂಜಮಿನ್ನರ ಗ್ರಂಥವನ್ನು ಓದಿಕೊಂಡು, ವೈದ್ಯರು ನಿರೀಕ್ಷಿಸಿದ ಜೀವನವೃತ್ತಾಂತವನ್ನೇ ಒಪ್ಪಿಸುತ್ತಿದ್ದರು. ಸಮಾಲೋಚನೆ ಪರೀಕ್ಷೆಯಾಯಿತು. ಸಂದೇಹವನ್ನು ಬಾಯಿಬಿಟ್ಟರೆ ಚಿಕಿತ್ಸೆ ತಪ್ಪೀತೆಂಬ ಭಯವಿದ್ದಲ್ಲಿ, ಹಿಂದಿರುಗುವ ಸಾಧ್ಯತೆಯನ್ನು ಮುಂಚೆಯೇ ಚರ್ಚಿಸಬೇಕಾದವರೇ ಮೌನವಹಿಸುವಂತಾಯಿತು. ಹೀಗೆ ಪಶ್ಚಾತ್ತಾಪವನ್ನು ತಡೆಯಬೇಕಾದ ನಿಯಮವೇ ಅದರ ಮುನ್ಸೂಚನೆಯನ್ನು ಮರೆಮಾಡಿತು.

ಹಿಂದಿರುಗುವಿಕೆಗೆ ಪಶ್ಚಾತ್ತಾಪವೊಂದೇ ಕಾರಣವಲ್ಲ. ಕುಟುಂಬದ ಒತ್ತಡ, ಸಾಮಾಜಿಕ ತಿರಸ್ಕಾರ, ದೇಹಾರೋಗ್ಯ, ಸ್ವಂತ ಅರಿವಿನಲ್ಲಾದ ಬದಲಾವಣೆ ಇವೂ ಕಾರಣಗಳು. ಹಾರ್ಮೋನಿನಿಂದ ಬದಲಾದ ಧ್ವನಿ, ಶಸ್ತ್ರಚಿಕಿತ್ಸೆಯಿಂದ ಕಳೆದುಹೋದ ಅಂಗ ಇವುಗಳಿಗೆ ಮತ್ತೆ ವೈದ್ಯಕೀಯ ನೆರವು ಬೇಕಾಗುತ್ತದೆ. 2022ರ ಎಂಟನೆಯ ಆವೃತ್ತಿಯ ಮಾನದಂಡಗಳು ವಯಸ್ಕರ ಶಸ್ತ್ರಚಿಕಿತ್ಸೆಗೆ ಒಂದೇ ಶಿಫಾರಸು ಪತ್ರ ಸಾಕೆಂದವು. ಆದರೆ ಹಿಂದಿರುಗುವವರ ಚಿಕಿತ್ಸೆಗೆ ಬಹುಶಾಖೀಯ ತಜ್ಞರ ಸಮಗ್ರ ಮೌಲ್ಯಮಾಪನವನ್ನು ಸೂಚಿಸಿದವು. ಒಳಬಾಗಿಲು ಸಡಿಲಗೊಂಡಾಗ ಹೊರಬಾಗಿಲಿನಲ್ಲಿ ಹೊಸ ತಪಾಸಣೆ ಕಾಣಿಸಿಕೊಂಡಿತು.

ಬ್ರಿಟನ್ನಿನಲ್ಲಿ ಹದಿಹರೆಯದಲ್ಲಿ ಚಿಕಿತ್ಸೆ ಆರಂಭಿಸಿ ಹಿಂದಿರುಗಿದ ಕೀರಾ ಬೆಲ್ ಅವರ ಮೊಕದ್ದಮೆಯಲ್ಲಿ ಉಚ್ಚ ನ್ಯಾಯಾಲಯ 2020ರಲ್ಲಿ ಅವರ ಪರವಾಗಿ ತೀರ್ಪಿತ್ತಿತು. 2021ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ವಾದದ ಕೇಂದ್ರ ಪ್ರವೇಶದ ಸಮ್ಮತಿಯಾಗಿತ್ತೇ ಹೊರತು ಅನಂತರದ ಆರೈಕೆಯಾಗಿರಲಿಲ್ಲ. 2024ರ ಕ್ಯಾಸ್ ವರದಿ ಮಾತ್ರ, ಹಿಂದಿರುಗುವವರು ಹಳೆಯ ಚಿಕಿತ್ಸಾಲಯಕ್ಕೇ ಮರಳಲು ಇಚ್ಛಿಸದಿರಬಹುದೆಂದು ಗಮನಿಸಿ, ಅವರಿಗಾಗಿ ವ್ಯವಸ್ಥೆಯಿರಬೇಕೆಂದಿತು. ಆ ವರದಿಯ ಇತರ ನಿರ್ಣಯಗಳ ಬಗೆಗೆ ತೀವ್ರ ಭಿನ್ನಮತಗಳುಂಟು.

ನಿಯಮಗಳನ್ನು ಬಿಗಿಗೊಳಿಸುವವರೂ ಸಡಿಲಿಸುವವರೂ ಹಿಂದಿರುಗಿದವರನ್ನು ಸಾಕ್ಷಿಯಾಗಿ ಕರೆದಿದ್ದಾರೆ. ರೋಗಿಯಾಗಿ ಕಂಡದ್ದು ಕಡಮೆ. ಸಂದೇಹವನ್ನು ನಿರ್ಭಯವಾಗಿ ಹೇಳಿಕೊಳ್ಳಲು ಅವಕಾಶವೀಯುವ ವ್ಯವಸ್ಥೆಯೇ ಮುನ್ನಡೆಯುವವರಿಗೂ ಮರಳುವವರಿಗೂ ಏಕಕಾಲದಲ್ಲಿ ಹಿತಕರವೆಂಬುದು ಈ ಚರಿತ್ರೆಯಿಂದ ಸ್ಪಷ್ಟವಾಗುತ್ತದೆ.