ಪ್ಯಾರಿಸಿನ ವಿದ್ಯಾರ್ಥಿಯ ವಸತಿ: ಬಾಡಿಗೆಯ ಕೊಠಡಿಯಿಂದ ಕಾಲೇಜಿನ ಬಾಗಿಲವರೆಗೆ (1180–1530)

ಪ್ಯಾರಿಸ್ ವಿಶ್ವವಿದ್ಯಾನಿಲಯದ ಪ್ರಾಚೀನ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ಅಲ್ಲಿಯ ಪಾಠಪ್ರವಚನಗಳಿಗೂ ತರ್ಕ ಮತ್ತು ದೇವತಾಶಾಸ್ತ್ರಗಳ ವಾದವಿವಾದಗಳಿಗೂ ಅಗ್ರಸ್ಥಾನವನ್ನು ಕೊಟ್ಟಿದ್ದಾರೆ. ಅದು ನ್ಯಾಯವಾದುದೇ. ಆದರೆ ಆ ಸಂಸ್ಥೆಯ ಹಕ್ಕುಬಾಧ್ಯತೆಗಳನ್ನು ನಿರ್ಣಯಿಸಿದ ಮೊದಲ ಶಾಸನಗಳನ್ನು ಅನುಕ್ರಮವಾಗಿ ಓದುತ್ತ ಹೋದರೆ ಒಂದು ವಿಚಿತ್ರ ಸಂಗತಿ ಗೋಚರವಾಗುತ್ತದೆ. ಅವುಗಳಲ್ಲಿ ಮುಖ್ಯವಾದವು ಮದ್ಯದಂಗಡಿಯ ಜಗಳದಿಂದಲೋ ಮನೆಬಾಡಿಗೆಯ ವ್ಯಾಜ್ಯದಿಂದಲೋ ಹುಟ್ಟಿದವು. ವಿದ್ಯಾರ್ಥಿಯು ಎಲ್ಲಿ ಮಲಗಬೇಕು, ಎಷ್ಟು ಬಾಡಿಗೆ ತೆರಬೇಕು, ತಪ್ಪು ಮಾಡಿದರೆ ಅವನನ್ನು ಹಿಡಿಯುವ ಅಧಿಕಾರ ಯಾರದು ಎಂಬ ಪ್ರಶ್ನೆಗಳು ಮೂರು ಶತಮಾನಗಳ ಕಾಲ ರಾಜನನ್ನೂ ಪೋಪನನ್ನೂ ನಗರದ ಅಧಿಕಾರಿಗಳನ್ನೂ ಕಾಡಿದುವು. ಆ ಕಥೆಯ ಕೆಲವು ಭಾಗಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮೊದಲಿಗೆ ಒಂದು ಮಾತನ್ನು ಹೇಳಬೇಕು. 12ನೆಯ ಶತಮಾನದಲ್ಲಿ ವಿಶ್ವವಿದ್ಯಾನಿಲಯಕ್ಕೆ ಸ್ವಂತ ಕಟ್ಟಡವೆಂಬುದು ಇರಲಿಲ್ಲ. ಸೇನ್ ನದಿಯ ನಡುಗಡ್ಡೆಯಲ್ಲಿದ್ದ ನೋತ್ರ್ ದಾಮ್ ಚರ್ಚಿನ ಆಶ್ರಯದಲ್ಲಿ ಒಂದು ಪಾಠಶಾಲೆಯಿತ್ತು. ಅಬೆಲಾರ್ಡನಂತಹ ಉಪಾಧ್ಯಾಯರು ನದಿಯ ಎಡದಂಡೆಯ ಸಂತ ಜೆನೆವೀವಳ ಗುಡ್ಡದ ಮೇಲೆ ಶಿಷ್ಯರನ್ನು ಕೂಡಿಸಿಕೊಂಡರು. ಇವೆರಡನ್ನೂ ಕೂಡಿಸುತ್ತಿದ್ದ ‘ಚಿಕ್ಕ ಸೇತುವೆ’ಯ ಮೇಲೆಯೇ ಮನೆಗಳಿದ್ದುವು, ಅಲ್ಲಿ ಪಾಠ ಹೇಳುತ್ತಿದ್ದ ಆಡಮ್ ಎಂಬ ತಾರ್ಕಿಕನಿಗೆ ಚಿಕ್ಕ ಸೇತುವೆಯ ಆಡಮ್ ಎಂಬ ಹೆಸರೇ ನಿಂತಿತು. ಉಪಾಧ್ಯಾಯನು ಒಂದು ಕೊಠಡಿಯನ್ನು ಬಾಡಿಗೆಗೆ ಹಿಡಿದರೆ ಅದೇ ಪಾಠಶಾಲೆ. ವಿದ್ಯಾರ್ಥಿಯು ಮತ್ತೊಂದನ್ನು ಹಿಡಿದರೆ ಅದೇ ವಸತಿಗೃಹ. ಆವರಣದ ಒಳಗೆ, ಹೊರಗೆ ಎಂಬ ಭೇದಕ್ಕೆ ಆಗ ಅರ್ಥವೇ ಇರಲಿಲ್ಲ. ನಗರವೇ ಆವರಣ. ಜಾಕ್ ದ ವಿತ್ರಿ ಎಂಬ ಧರ್ಮೋಪದೇಶಕನು ಒಂದೇ ಮನೆಯ ಮೇಲಂತಸ್ತಿನಲ್ಲಿ ಪಾಠವೂ ಕೆಳ ಅಂತಸ್ತಿನಲ್ಲಿ ವೇಶ್ಯಾವೃತ್ತಿಯೂ ನಡೆಯುತ್ತಿದ್ದುವೆಂದು ದೂರಿದ್ದಾನೆ. ಉಪದೇಶಕರ ಮಾತಿನಲ್ಲಿ ಅತಿಶಯೋಕ್ತಿ ಸಹಜವಾದರೂ, ಎರಡಕ್ಕೂ ಬಾಡಿಗೆಯ ಕೊಠಡಿಯೇ ಗತಿಯಾಗಿದ್ದ ಊರಿನಲ್ಲಿ ಈ ನೆರೆಹೊರೆ ಅಸಂಭವವಲ್ಲ.

ಬಡವರ ಸ್ಥಿತಿ ಬೇರೆ. 1180ರಲ್ಲಿ ಲಂಡನ್ನಿನ ಜೋಸಿಯಸ್ ಎಂಬಾತನು ಜೆರೂಸಲೇಮಿನ ಯಾತ್ರೆಯನ್ನು ಮುಗಿಸಿಕೊಂಡು ಬರುತ್ತ ಪ್ಯಾರಿಸಿನ ದೊಡ್ಡ ಧರ್ಮಾಸ್ಪತ್ರೆಯನ್ನು ಸಂದರ್ಶಿಸಿದನು. ಅಲ್ಲಿ ಒಂದು ಕೋಣೆಯಲ್ಲಿ ಬಡ ವಿದ್ಯಾರ್ಥಿಗಳು ತಂಗುವ ವಾಡಿಕೆಯಿತ್ತು. ಆತನು ಆ ಕೋಣೆಯನ್ನೇ ಕೊಂಡು, ಹದಿನೆಂಟು ಮಂದಿಗೆ ಹಾಸಿಗೆಯನ್ನೂ ತಿಂಗಳಿಗೆ ಹನ್ನೆರಡು ಕಾಸುಗಳನ್ನೂ ಶಾಶ್ವತವಾಗಿ ಏರ್ಪಡಿಸಿದನು. ಪ್ರತಿಯಾಗಿ ಅವರು ಮಾಡಬೇಕಾದ ಕೆಲಸವೆಂದರೆ, ಆಸ್ಪತ್ರೆಯಲ್ಲಿ ಸತ್ತವರ ಶವದ ಮುಂದೆ ಸರದಿಯಂತೆ ಶಿಲುಬೆಯನ್ನೂ ತೀರ್ಥವನ್ನೂ ಹಿಡಿದು ನಡೆಯುವುದು. ಪ್ಯಾರಿಸಿನ ಕಾಲೇಜುಗಳಲ್ಲೆಲ್ಲ ಮೊದಲನೆಯದೆಂದು ಎಣಿಸಲ್ಪಡುವ ‘ಹದಿನೆಂಟು ಮಂದಿಯ ಕಾಲೇಜು’ ಇದೇ. ಇಲ್ಲಿ ಪಾಠ ನಡೆಯುತ್ತಿರಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಕಾಲೇಜು ಎಂಬ ಶಬ್ದಕ್ಕೆ ಆಗ ಇದ್ದ ಅರ್ಥ ಹಾಸಿಗೆ ಮತ್ತು ಊಟದ ದತ್ತಿ, ಅಷ್ಟೆ.

ಇನ್ನು ಹಕ್ಕುಗಳ ಮಾತು. 1200ರಲ್ಲಿ ಒಬ್ಬ ಜರ್ಮನ್ ವಿದ್ಯಾರ್ಥಿಯ ಸೇವಕನು ಮದ್ಯ ತರಲು ಅಂಗಡಿಗೆ ಹೋಗಿ ಪೆಟ್ಟು ತಿಂದನು. ಅವನ ಕೈಯ ಪಾತ್ರೆಯನ್ನು ಒಡೆದುಹಾಕಿದರು. ಜರ್ಮನ್ ವಿದ್ಯಾರ್ಥಿಗಳು ಗುಂಪಾಗಿ ಹೋಗಿ ಅಂಗಡಿಯವನನ್ನು ಥಳಿಸಿದರು. ಆಗ ‘ಪ್ರೆವೊ’ ಎಂಬ ರಾಜನ ನಗರಾಧಿಕಾರಿಯು ಊರಿನವರನ್ನು ಕೂಡಿಸಿಕೊಂಡು ಜರ್ಮನರ ವಸತಿಗೆ ನುಗ್ಗಿದನು; ಕೆಲವರು ಮಡಿದರು. ಉಪಾಧ್ಯಾಯರು ದೊರೆ ಫಿಲಿಪ್ ಆಗಸ್ಟಸನಲ್ಲಿ ಮೊರೆಯಿಟ್ಟರು. ದೊರೆಯು ಪ್ರೆವೊನನ್ನು ಸೆರೆಯಲ್ಲಿಟ್ಟು ಒಂದು ಶಾಸನವನ್ನು ಹೊರಡಿಸಿದನು. ಅದರಂತೆ ವಿದ್ಯಾರ್ಥಿಯ ಮೇಲೆ ಯಾರಾದರೂ ಕೈಮಾಡಿದುದನ್ನು ಕಂಡ ನಾಗರಿಕರು ಸಾಕ್ಷಿ ಹೇಳಬೇಕು. ರಾಜಭಟರು ಹಿಡಿದ ವಿದ್ಯಾರ್ಥಿಯನ್ನು ಚರ್ಚಿನ ನ್ಯಾಯಾಧಿಪತಿಗೆ ಒಪ್ಪಿಸಬೇಕು. ಮುಂದೆ ಬರುವ ಪ್ರತಿಯೊಬ್ಬ ಪ್ರೆವೊನೂ ಇದನ್ನು ಪಾಲಿಸುವುದಾಗಿ ವಿದ್ಯಾರ್ಥಿಗಳ ಎದುರಿನಲ್ಲಿ ಪ್ರಮಾಣಮಾಡಬೇಕು. ಒಂದು ಮದ್ಯದ ಪಾತ್ರೆ ಒಡೆದುದರ ಫಲವಾಗಿ ರಾಜಧಾನಿಯ ಮಧ್ಯದಲ್ಲಿ ರಾಜನ ಭಟರು ಶಿಕ್ಷಿಸಲಾರದ ಒಂದು ಪ್ರಜಾವರ್ಗವೇ ಏರ್ಪಟ್ಟಿತು.

ಊರಿನವರ ದೃಷ್ಟಿಯಿಂದ ಇದು ಎಷ್ಟು ಅಸಹನೀಯವಾಗಿದ್ದಿರಬೇಕೆಂಬುದನ್ನು ಊಹಿಸಬಹುದು. ನೆತ್ತಿಯನ್ನು ಬೋಳಿಸಿಕೊಂಡು ಪಾದದವರೆಗೆ ನಿಲುವಂಗಿ ತೊಟ್ಟ ಹದಿನಾರರ ಹುಡುಗನು ಬೀದಿಯಲ್ಲಿ ದಾಂಧಲೆ ಮಾಡಿದರೆ, ಅವನನ್ನು ವಿಚಾರಿಸುವವರು ಅವನ ಪಕ್ಷದವರೇ. 1215ರಲ್ಲಿ ಪೋಪನ ಪ್ರತಿನಿಧಿ ರಾಬರ್ಟ್ ದ ಕೂರ್ಸೋನ್ ವಿಧಿಸಿದ ನಿಯಮಗಳು ಕಲಾವಿಭಾಗದಲ್ಲಿ ಪಾಠ ಹೇಳುವವನಿಗೆ ಇಪ್ಪತ್ತೊಂದು, ದೇವತಾಶಾಸ್ತ್ರ ಹೇಳುವವನಿಗೆ ಮೂವತ್ತೈದು ವರ್ಷ ತುಂಬಿರಬೇಕೆಂದುವು. ಅದೇ ನಿಯಮಾವಳಿಯಲ್ಲಿ ಉಪಾಧ್ಯಾಯರೂ ವಿದ್ಯಾರ್ಥಿಗಳೂ ತಮ್ಮೊಳಗೆ ಕಟ್ಟುಪಾಡು ಮಾಡಿಕೊಳ್ಳಬಹುದಾದ ವಿಷಯಗಳ ಪಟ್ಟಿಯೂ ಇದೆ: ಕೊಲೆ ಅಥವಾ ಗಾಯವಾಗಿ ನ್ಯಾಯ ದೊರೆಯದ ಸಂದರ್ಭ, ವಸತಿಯ ಬಾಡಿಗೆ, ಉಡುಪು, ಸಂಸ್ಕಾರ, ಪಾಠ. ಈ ಅನುಕ್ರಮವೇ ಅಂದಿನ ಜೀವನಕ್ಕೆ ಒಳ್ಳೆಯ ಭಾಷ್ಯ.

1229ರ ಘಟನೆ ಇನ್ನೂ ಘೋರವಾದುದು. ಉಪವಾಸದ ಪರ್ವಕ್ಕೆ ಮುಂಚಿನ ಉತ್ಸವದ ದಿನಗಳಲ್ಲಿ ಸೇಂ ಮಾರ್ಸೆಲ್ ಎಂಬ ಹೊರವಲಯದ ಅಂಗಡಿಯೊಂದರಲ್ಲಿ ಮದ್ಯದ ಬೆಲೆಯ ಬಗ್ಗೆ ಜಗಳ ಹುಟ್ಟಿ, ವಿದ್ಯಾರ್ಥಿಗಳು ಪೆಟ್ಟು ತಿಂದು ಓಡಿದರು. ಮಾರನೆಯ ದಿನ ದೊಣ್ಣೆಗಳೊಡನೆ ಹಿಂದಿರುಗಿ ಅಂಗಡಿಯನ್ನು ಹಾಳುಗೆಡಹಿದರು. ಬಾಲಕನಾಗಿದ್ದ ಒಂಬತ್ತನೆಯ ಲೂಯಿಯ ಪರವಾಗಿ ರಾಜ್ಯವಾಳುತ್ತಿದ್ದ ರಾಣಿ ಬ್ಲಾಂಶಳ ಅಪ್ಪಣೆಯಂತೆ ಭಟರು ಹೊರಟರು. ಈ ಗಲಭೆಗೆ ಸಂಬಂಧವೇ ಇಲ್ಲದೆ ಊರ ಹೊರಗೆ ಆಡುತ್ತಿದ್ದ ವಿದ್ಯಾರ್ಥಿಗಳ ಮೇಲೆ ಬಿದ್ದು ಹಲವರನ್ನು ಕೊಂದರು. ಉಪಾಧ್ಯಾಯರು ಪಾಠಗಳನ್ನು ನಿಲ್ಲಿಸಿದರು. ನ್ಯಾಯ ದೊರೆಯದಿದ್ದರೆ ಆರು ವರ್ಷ ಪಾಠವಿಲ್ಲವೆಂದು ಘೋಷಿಸಿ ಚದುರಿದರು. ಕೆಲವರು ಓರ್ಲೆಯಾನ್, ಆಂಜೆರ್ ಪಟ್ಟಣಗಳಿಗೆ ಹೋದರು. ಇಂಗ್ಲೆಂಡಿನ ದೊರೆ ಮೂರನೆಯ ಹೆನ್ರಿ ಅವರನ್ನು ತನ್ನ ನಾಡಿಗೆ ಆಹ್ವಾನಿಸಿದನು. ಆಗತಾನೆ ಹುಟ್ಟಿದ್ದ ತೂಲೂಸಿನ ವಿದ್ಯಾಪೀಠವು, ಪ್ಯಾರಿಸಿನಲ್ಲಿ ನಿಷಿದ್ಧವಾದ ಅರಿಸ್ಟಾಟಲನ ಗ್ರಂಥಗಳನ್ನು ತನ್ನಲ್ಲಿ ಕೇಳಬಹುದೆಂದು ಪ್ರಕಟಿಸಿತು. ಕಟ್ಟಡವಿಲ್ಲದ ವಿಶ್ವವಿದ್ಯಾನಿಲಯಕ್ಕೆ ಹೀಗೆ ಎದ್ದು ಹೋಗುವ ಸ್ವಾತಂತ್ರ್ಯವಿತ್ತು. ಅದರ ದೊಡ್ಡ ಬಲ ಇದ್ದುದೇ ಇಲ್ಲಿ. ಎರಡು ವರ್ಷ ಬಾಡಿಗೆಯಿಲ್ಲದೆ, ವ್ಯಾಪಾರವಿಲ್ಲದೆ ಇದ್ದ ಎಡದಂಡೆಯ ಮನೆಯೊಡೆಯರಿಗೆ ಅದು ಮನದಟ್ಟಾಗಿದ್ದಿರಬೇಕು.

1231ರಲ್ಲಿ ಒಂಬತ್ತನೆಯ ಗ್ರೆಗರಿ ಪೋಪನ ಶಾಸನವು ಪಾಠವನ್ನು ನಿಲ್ಲಿಸುವ ಈ ಹಕ್ಕನ್ನು ಸ್ಥಿರಪಡಿಸಿತು. ನ್ಯಾಯಬಾಡಿಗೆಯ ನಿರ್ಣಯವನ್ನು ತಡೆದರೂ ಪಾಠ ನಿಲ್ಲಿಸಬಹುದೆಂದು ಅದರಲ್ಲಿ ಹೇಳಿದೆ. ಇಬ್ಬರು ಉಪಾಧ್ಯಾಯರೂ ಇಬ್ಬರು ನಾಗರಿಕರೂ ಕೂಡಿ ಬಾಡಿಗೆಯನ್ನು ಕಟ್ಟುವ ಪದ್ಧತಿ ಬೆಳೆಯಿತು. ಅವರ ಮಾತಿಗೆ ಒಪ್ಪದವನ ಮನೆಗೆ ಬಹಿಷ್ಕಾರ.

ವಿದ್ಯಾರ್ಥಿಗಳ ದೈನಂದಿನ ಜೀವನವು ಬಹುಮಟ್ಟಿಗೆ ‘ನಾಡುಕೂಟ’ಗಳಲ್ಲಿ ಸಾಗುತ್ತಿತ್ತು. ಕಲಾವಿಭಾಗದಲ್ಲಿ ಫ್ರೆಂಚ್, ಪಿಕಾರ್ಡ್, ನಾರ್ಮನ್, ಇಂಗ್ಲಿಷ್ ಎಂದು ನಾಲ್ಕು ಕೂಟಗಳು. ಇಂಗ್ಲಿಷ್ ಕೂಟದಲ್ಲಿ ಜರ್ಮನರೂ ಸ್ಕ್ಯಾಂಡಿನೇವಿಯದವರೂ ಸೇರಿದ್ದರು. ಫ್ರಾನ್ಸ್–ಇಂಗ್ಲೆಂಡುಗಳ ನೂರು ವರ್ಷಗಳ ಯುದ್ಧದಿಂದಾಗಿ ಕಡೆಗೆ ಅದಕ್ಕೆ ಜರ್ಮನ್ ಕೂಟವೆಂದೇ ಹೆಸರಾಯಿತು. 1333ರಿಂದ ಉಳಿದುಬಂದಿರುವ ಈ ಕೂಟದ ದಫ್ತರಗಳಲ್ಲಿ ಪದವೀಧರರು ತೆತ್ತ ಶುಲ್ಕದ ಲೆಕ್ಕವಿದೆ. ಶುಲ್ಕವನ್ನು ಕಟ್ಟುತ್ತಿದ್ದ ಕ್ರಮ ಸ್ವಾರಸ್ಯವಾದುದು: ವಿದ್ಯಾರ್ಥಿಯ ಒಂದು ವಾರದ ಊಟದ ವೆಚ್ಚವೇ ಮಾನ. ಹೆಚ್ಚು ಉಣ್ಣುವವನು ಹೆಚ್ಚು ತೆರಬೇಕು. ಬಡವನೆಂದು ಪ್ರಮಾಣಮಾಡಿದವನಿಗೆ ವಿನಾಯಿತಿ. ಹೀಗೆ ಬಂದ ಹಣದಲ್ಲಿ ಗಣನೀಯ ಭಾಗವನ್ನು ಇಂತಿಂತಹ ಮದ್ಯದಂಗಡಿಯಲ್ಲಿ ಕುಡಿದೆವೆಂದು ಅಂಗಡಿಯ ಹೆಸರಿನ ಸಮೇತ ಬರೆದಿಟ್ಟಿರುವ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು.

ಕಲಾವಿಭಾಗದ ಪಾಠಗಳು ನಡೆಯುತ್ತಿದ್ದುದು ಫುವಾರ್ ಬೀದಿಯಲ್ಲಿ. ಫುವಾರ್ ಎಂದರೆ ಹುಲ್ಲು. ಕೊಠಡಿಯ ನೆಲದ ಮೇಲೆ ಹಾಸಿದ ಹುಲ್ಲಿನ ಮೇಲೆಯೇ ವಿದ್ಯಾರ್ಥಿಗಳು ಕುಳಿತುಕೊಳ್ಳುತ್ತಿದ್ದರು. 1366ರ ಸುಧಾರಣೆಯಲ್ಲಿ ಯುವಕರಿಗೆ ಅಹಂಕಾರ ಹುಟ್ಟದಂತೆ ಬೆಂಚುಗಳನ್ನು ಬಿಟ್ಟು ನೆಲದ ಮೇಲೆಯೇ ಕೂರಬೇಕೆಂದು ವಿಧಿಸಲಾಯಿತು. ಬೆಂಚುಗಳು ಆಗಲೇ ಒಳಗೆ ಬಂದಿದ್ದುವೆಂಬುದಕ್ಕೆ ಈ ವಿಧಿಯೇ ಪ್ರಮಾಣ. 1355ರ ಇನ್ನೊಂದು ನಿಯಮವು ಅಧ್ಯಾಪಕರ ಗಮನಕ್ಕೆ ಅರ್ಹವಾದುದು. ಉಪಾಧ್ಯಾಯರು ಬರೆದುಕೊಳ್ಳಲು ಬಿಡುವಿಲ್ಲದಷ್ಟು ವೇಗವಾಗಿ ಪಾಠ ಹೇಳಬೇಕು, ಟಿಪ್ಪಣಿ ಬರೆಸಕೂಡದು. ಇದನ್ನು ವಿರೋಧಿಸಿ ಕೂಗುವ, ಸಿಳ್ಳುಹಾಕುವ, ಕಲ್ಲೆಸೆಯುವ ವಿದ್ಯಾರ್ಥಿಗಳಿಗೆ ಶಿಕ್ಷೆಯುಂಟು. ಟಿಪ್ಪಣಿಗಾಗಿ ವಿದ್ಯಾರ್ಥಿಗಳು ಪಡುವ ಆತುರ ಇಂದು ನಿನ್ನೆಯದಲ್ಲ. ಗ್ರಂಥಗಳು ದುಬಾರಿಯಾಗಿದ್ದ ಕಾಲದಲ್ಲಿ ಆ ಕಲ್ಲುಗಳಿಗೆ ಒಂದು ಕಾರಣವೂ ಇತ್ತು. ಪುಸ್ತಕದ ವ್ಯಾಪಾರಿಗಳು ಮೂಲಪ್ರತಿಯನ್ನು ಬಿಡಿ ಬಿಡಿ ಕಟ್ಟುಗಳಾಗಿ ಬಾಡಿಗೆಗೆ ಕೊಡುತ್ತಿದ್ದರು. ವಿದ್ಯಾರ್ಥಿಯು ಒಂದೊಂದನ್ನೇ ತಂದು ನಕಲು ಮಾಡಿಕೊಳ್ಳಬೇಕಾಗಿತ್ತು.

ಇಲ್ಲಿ ಆಧಾರಗಳ ಸ್ವರೂಪವನ್ನು ಕುರಿತು ಎಚ್ಚರಿಕೆ ಅಗತ್ಯ. ಹಣ ಕಳುಹಿಸೆಂದು ತಂದೆಯನ್ನು ಬೇಡುವ ವಿದ್ಯಾರ್ಥಿಪತ್ರಗಳು ಅನೇಕವಿವೆ. ಅಮೆರಿಕದ ಚರಿತ್ರಕಾರ ಹ್ಯಾಸ್ಕಿನ್ಸ್ 1898ರಲ್ಲಿ ಇವನ್ನು ಕುರಿತು ಪ್ರಸಿದ್ಧವಾದ ಲೇಖನವನ್ನು ಬರೆದನು. ಆದರೆ ಇವುಗಳಲ್ಲಿ ಬಹುಪಾಲು ಪತ್ರಲೇಖನವನ್ನು ಕಲಿಸುವುದಕ್ಕಾಗಿ ರಚಿಸಿದ ಮಾದರಿಗಳು. ನ್ಯಾಯಾಲಯದ ದಾಖಲೆಗಳಾದರೋ ತಪ್ಪು ಮಾಡಿದವರನ್ನು ಮಾತ್ರ ಬಲ್ಲುವು. 1452ರಲ್ಲಿ ಎಂ. ಎ. ಪದವಿ ಪಡೆದು, 1456ರಲ್ಲಿ ನವಾರ್ ಕಾಲೇಜಿನ ಪೆಟ್ಟಿಗೆಯಿಂದ ಐನೂರು ಚಿನ್ನದ ನಾಣ್ಯಗಳನ್ನು ಕದ್ದವರ ಗುಂಪಿನಲ್ಲಿದ್ದ ಕವಿ ವಿಯೋನನ ವಿಷಯವಾಗಿ ನಮಗೆ ಬಹಳ ತಿಳಿದಿದೆ. ಅವನೊಡನೆ ಹುಲ್ಲಿನ ಮೇಲೆ ಕುಳಿತು ಪಾಠ ಕೇಳಿ, ಊರಿಗೆ ಹಿಂದಿರುಗಿ ಜೀವನ ಸಾಗಿಸಿದವರ ಹೆಸರೂ ನಮಗೆ ಗೊತ್ತಿಲ್ಲ.

ಕಾಲೇಜುಗಳು ಮೆಲ್ಲಮೆಲ್ಲನೆ ಈ ಚಿತ್ರವನ್ನು ಬದಲಾಯಿಸಿದುವು. ಆರ್ದೆನ್ ಸೀಮೆಯ ಬಡ ರೈತನ ಮಗನಾದ ರಾಬರ್ಟ್ ದ ಸೊರ್ಬೋನ್ 1257ರ ಸುಮಾರಿನಲ್ಲಿ ದೇವತಾಶಾಸ್ತ್ರದ ಬಡ ವಿದ್ಯಾರ್ಥಿಗಳಿಗಾಗಿ ಒಂದು ಮನೆಯನ್ನು ಸ್ಥಾಪಿಸಿದನು. ಅದರ ಗ್ರಂಥಭಂಡಾರದಲ್ಲಿ 1290ರಲ್ಲಿ 1,017 ಸಂಪುಟಗಳೂ 1338ರಲ್ಲಿ 1,722 ಸಂಪುಟಗಳೂ ಇದ್ದುವು. 1305ರಲ್ಲಿ ನವಾರಿನ ರಾಣಿ ಜಾನ್ ಎಪ್ಪತ್ತು ಮಂದಿಗಾಗಿ ಕಾಲೇಜನ್ನು ಕಟ್ಟಿಸಿದಳು: ವ್ಯಾಕರಣದವರು ಇಪ್ಪತ್ತು, ತರ್ಕದವರು ಮೂವತ್ತು, ದೇವತಾಶಾಸ್ತ್ರದವರು ಇಪ್ಪತ್ತು. ಬಡವರಿಗಾಗಿ ಹುಟ್ಟಿದ ಈ ಮನೆಗಳಿಗೆ ಹಣ ತೆತ್ತು ಇರುವವರೂ ಬಂದರು. ಪಾಠಗಳೂ ಒಳಕ್ಕೆ ಬಂದುವು. 15ನೆಯ ಶತಮಾನದ ಮಧ್ಯದ ವೇಳೆಗೆ, ಯಾವ ಕಾಲೇಜಿಗೂ ಸೇರದೆ ಊರಿನಲ್ಲಿ ವಾಸಿಸುವ ವಿದ್ಯಾರ್ಥಿಗೆ ಒಂದು ಹಕ್ಕಿಯ ಹೆಸರೇ ಅಂಟಿಕೊಂಡಿತ್ತು: ‘ಮಾರ್ತಿನೆ’, ಎಂದರೆ ಬಾನಾಡಿ. ಎಲ್ಲರೂ ಯಾವುದಾದರೊಂದು ಕಾಲೇಜಿನಲ್ಲಿಯೋ ಉಪಾಧ್ಯಾಯನ ಮನೆಯಲ್ಲಿಯೋ ಇರಬೇಕೆಂಬ ನಿಯಮಗಳು ಬಂದುವು.

ಅದೇ ಕಾಲದಲ್ಲಿ ಹಳೆಯ ಹಕ್ಕುಗಳು ಕಳಚಿದುವು. 1407ರಲ್ಲಿ ಇಬ್ಬರು ವಿದ್ಯಾರ್ಥಿಗಳನ್ನು ಗಲ್ಲಿಗೇರಿಸಿದ ಪ್ರೆವೊನನ್ನು ವಿಶ್ವವಿದ್ಯಾನಿಲಯವು ಮರುವರ್ಷ ಪದಚ್ಯುತಗೊಳಿಸಿ, ಶವಗಳನ್ನು ಇಳಿಸಿ ಸಕಲ ಮರ್ಯಾದೆಗಳೊಡನೆ ಸಂಸ್ಕಾರ ಮಾಡಿಸಿತ್ತು. 1446ರಲ್ಲಿಯಾದರೋ ಏಳನೆಯ ಷಾರ್ಲ್ ದೊರೆಯು ಅದರ ವ್ಯಾಜ್ಯಗಳನ್ನು ಪ್ಯಾರಿಸಿನ ಉಚ್ಚ ನ್ಯಾಯಾಲಯಕ್ಕೆ ಒಳಪಡಿಸಿದನು. 1499ರಲ್ಲಿ ಹನ್ನೆರಡನೆಯ ಲೂಯಿಯ ಕಾಲದಲ್ಲಿ ಪಾಠ ನಿಲ್ಲಿಸುವ ಹಕ್ಕೂ ಕೊನೆಗಂಡಿತು. ಗೋಡೆಗಳನ್ನೂ ದತ್ತಿಗಳನ್ನೂ ಗ್ರಂಥಭಂಡಾರವನ್ನೂ ಪಡೆದ ಸಂಸ್ಥೆಗೆ ಎದ್ದು ಹೋಗುವುದು ಸಾಧ್ಯವಿರಲಿಲ್ಲ. ರಾಜರ ಬಲ ಹೆಚ್ಚಿದುದೂ ಕಾರಣವೇ. ಆದರೆ ಅದೊಂದನ್ನೇ ಹೇಳಿ ನಿಲ್ಲಿಸುವುದು ಸರಿಯಲ್ಲವೆಂದು ನಮಗೆ ತೋರುತ್ತದೆ.

ಕಾಲೇಜಿನ ಜೀವನವೂ ಸುಖದ್ದೇನಲ್ಲ. 1495ರಲ್ಲಿ ಮೋಂತೇಗು ಕಾಲೇಜಿನಲ್ಲಿದ್ದ ಎರಾಸ್ಮಸ್ ಅಲ್ಲಿಯ ಕೊಳೆತ ಮೊಟ್ಟೆಗಳನ್ನೂ ಕಠೋರ ವ್ರತಗಳನ್ನೂ ಜೀವಮಾನವೆಲ್ಲ ಮರೆಯಲಿಲ್ಲ. ಆದರೂ ಹೊರಗೆ ಉಳಿದವನ ಪಾಡು ಇನ್ನೂ ಕಷ್ಟ. 1528ರಲ್ಲಿ ಇಗ್ನೇಷಿಯಸ್ ಲೊಯೋಲ ಅದೇ ಕಾಲೇಜಿಗೆ ಪಾಠಕ್ಕೆ ಬಂದನು. ತನ್ನ ಹಣವನ್ನು ಒಬ್ಬ ಸ್ಪೇನಿನವನ ವಶದಲ್ಲಿಟ್ಟಿದ್ದನು. ಅವನು ಅದನ್ನು ಖರ್ಚುಮಾಡಿಬಿಟ್ಟನು. ಬಾಡಿಗೆ ಕೊಡಲಾರದೆ ನದಿಯಾಚೆಯ ಸೇಂ ಜಾಕ್ ಯಾತ್ರಿಕರ ಛತ್ರವನ್ನು ಸೇರಬೇಕಾಯಿತು. ಛತ್ರದ ಬಾಗಿಲು ತೆರೆಯುತ್ತಿದ್ದುದು ಬೆಳಗಾದ ಮೇಲೆ, ಮುಚ್ಚುತ್ತಿದ್ದುದು ಸಂಜೆಯ ಗಂಟೆಗೆ ಮುಂಚೆ. ಕಾಲೇಜಿನ ಪಾಠ ಆರಂಭವಾಗುತ್ತಿದ್ದುದು ಬೆಳಗಾಗುವ ಮೊದಲೇ. ಯಾರಾದರೊಬ್ಬ ಉಪಾಧ್ಯಾಯನ ಮನೆಯಲ್ಲಿ ಸೇವಕನಾಗಿದ್ದು ಓದುವೆನೆಂದು ಹಲವರನ್ನು ಕೇಳಿದನು, ಯಾರೂ ಇಟ್ಟುಕೊಳ್ಳಲಿಲ್ಲ. ಕಡೆಗೆ ವರ್ಷಕ್ಕೊಮ್ಮೆ ಫ್ಲಾಂಡರ್ಸಿಗೆ ಹೋಗಿ ಅಲ್ಲಿಯ ಸ್ಪೇನಿನ ವರ್ತಕರಿಂದ ಬೇಡಿ ತಂದ ಹಣದಿಂದ, 1529ರಲ್ಲಿ ಸೇಂತ್ ಬಾರ್ಬ್ ಕಾಲೇಜಿನೊಳಗೆ ಅವನಿಗೆ ಒಂದು ಕೊಠಡಿಯಲ್ಲಿ ಸ್ಥಳ ಸಿಕ್ಕಿತು.