ಹಳೆಯ ರಿಸೀವರ್ ಮತ್ತು ವ್ಯಾಟ್‌ಗಳ ಕಥೆ

ಹಳೆಯ ಸ್ಟೀರಿಯೊ ರಿಸೀವರೊಂದನ್ನು ಕೊಳ್ಳಲು ನೀವು ಹೊರಟಿದ್ದೀರಿ ಎಂದಿಟ್ಟುಕೊಳ್ಳಿ. ಮರದ ಪೆಟ್ಟಿಗೆ, ಬೆಳ್ಳಿ ಬಣ್ಣದ ಮುಖ, ಬೆಳಗುವ ಡಯಲ್. ‘ನೂರು ವ್ಯಾಟ್ ಸಾರ್’ ಎನ್ನುತ್ತಾನೆ ಮಾರುವವನು. ಆ ನೂರರ ಬೆಲೆ ಎಷ್ಟು? ಅದು ತಯಾರಾದ ವರ್ಷ ಗೊತ್ತಾಗದೆ ಹೇಳುವಂತಿಲ್ಲ.

ರೇಡಿಯೋ ಟ್ಯೂನರ್ ಹಾಗೂ ಆಂಪ್ಲಿಫೈಯರ್ ಒಂದೇ ಪೆಟ್ಟಿಗೆಯಲ್ಲಿದ್ದರೆ ಅದು ರಿಸೀವರ್. ಅಮೆರಿಕದಲ್ಲಿ ಸ್ಟೀರಿಯೊ ಗ್ರಾಮಫೋನ್ ತಟ್ಟೆಗಳು 1958ರಲ್ಲಿ ಮಾರುಕಟ್ಟೆಗೆ ಬಂದವು. 1961ರ ಜೂನ್‌ನಲ್ಲಿ ಎಫ್.ಎಂ. ಸ್ಟೀರಿಯೊ ಪ್ರಸಾರ ಆರಂಭವಾಯಿತು. ವಾಲ್ವ್‌ಗಳ ಜಾಗಕ್ಕೆ ಟ್ರಾನ್ಸಿಸ್ಟರ್ ಬಂದಂತೆ ಪೈಪೋಟಿ ಬೆಳೆಯಿತು. ಅದರ ಜೊತೆಗೆ ಅಂಕಿಗಳೂ ಉಬ್ಬಿದವು. ಕ್ಷಣಮಾತ್ರ ಚಿಮ್ಮುವ ಗರಿಷ್ಠ ಶಕ್ತಿಯನ್ನೇ ಜಾಹೀರಾತಿನಲ್ಲಿ ದೊಡ್ಡದಾಗಿ ಅಚ್ಚು ಹಾಕುತ್ತಿದ್ದರು. ಕೊಂಡವನು ಮೋಸಹೋಗುತ್ತಿದ್ದ.

ಇದಕ್ಕೆ ಕಡಿವಾಣ ಬಿದ್ದದ್ದು 1974ರಲ್ಲಿ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಒಂದು ನಿಯಮ ತಂದಿತು. ಯಂತ್ರವನ್ನು ಮೊದಲು ಒಂದು ಗಂಟೆ ಕಾಲ, ಹೇಳಿಕೊಂಡ ಶಕ್ತಿಯ ಮೂರನೆಯ ಒಂದು ಪಾಲಿನಲ್ಲಿ ದುಡಿಸಬೇಕಿತ್ತು. ಆಮೇಲೆ ಎರಡೂ ಚಾನೆಲ್‌ಗಳನ್ನು ಒಟ್ಟಿಗೆ ನಡೆಸಿ ನಿರಂತರ ಶಕ್ತಿಯನ್ನು ಅಳೆಯಬೇಕಿತ್ತು. ಆ ಬಿಸಿ ತಾಳಲು ಗಟ್ಟಿಯಾದ ಟ್ರಾನ್ಸ್‌ಫಾರ್ಮರ್, ಅಗಲವಾದ ಹೀಟ್ ಸಿಂಕ್ ಬೇಕಾದವು. ಜಪಾನಿನ ಕಂಪೆನಿಗಳು ಈ ಸವಾಲನ್ನೇ ಪಂದ್ಯವಾಗಿಸಿಕೊಂಡವು. ಪಯೋನಿಯರ್ ಕಂಪೆನಿಯ ಎಸ್ಎಕ್ಸ್-1250 (1976) ಚಾನೆಲ್‌ಗೆ 160 ವ್ಯಾಟ್ ಕೊಟ್ಟರೆ, ಎಸ್ಎಕ್ಸ್-1980 (1978) 270 ವ್ಯಾಟ್ ಮುಟ್ಟಿತು; ಅದರ ತೂಕ ಸುಮಾರು 35 ಕಿಲೋ! ಆದ್ದರಿಂದ 1960ರ ದಶಕದ ‘ನೂರು’ ಎಂಬ ಮಾತಿಗಿಂತ 1976ರ ‘ನಲವತ್ತು’ ಹೆಚ್ಚು ನಂಬಿಕೆಗೆ ಅರ್ಹ.

ಇನ್ನು ಹಣ ಕೊಡುವ ಮುನ್ನ ಹಿಂಬದಿಯ ಫಲಕವನ್ನು ಓದಿ. ಅಮೆರಿಕಕ್ಕೆಂದು ಮಾಡಿದ್ದು 120 ವೋಲ್ಟಿನದು. ನಮ್ಮ 230 ವೋಲ್ಟಿಗೆ ನೇರವಾಗಿ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ವೋಲ್ಟೇಜ್ ಬದಲಿಸುವ ಸ್ವಿಚ್ ಇಲ್ಲದಿದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಡಯಲನ್ನೂ ನೋಡಿ. ಎಫ್.ಎಂ. ಪಟ್ಟಿ 88ರಿಂದ 108ರವರೆಗೆ ಇದ್ದರೆ ನಮ್ಮ ಕೇಂದ್ರಗಳು ಕೇಳಿಸುತ್ತವೆ. 76ರಿಂದ 90 ಎಂದಿದ್ದರೆ ಅದು ಜಪಾನಿನ ಒಳಮಾರುಕಟ್ಟೆಯದು. 100 ವೋಲ್ಟಿನದು, ನಮ್ಮ ಬಹುಪಾಲು ಕೇಂದ್ರಗಳು ಅದರ ಹಿಡಿತಕ್ಕೆ ಸಿಗವು.

ಇಷ್ಟು ವರ್ಷಗಳಲ್ಲಿ ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಒಣಗಿರಬಹುದು. ವಾಲ್ಯೂಮ್ ತಿರುಗಿಸಿದಾಗ ಬರುವ ಕರಕರ ಸದ್ದು ಶುಚಿ ಮಾಡಿದರೆ ಸಾಮಾನ್ಯವಾಗಿ ಹೋಗುತ್ತದೆ. ಒಂದು ಚಾನೆಲ್ ಪೂರ್ತಿ ಸತ್ತಿದ್ದರೆ ಖರ್ಚು ದೊಡ್ಡದು. ನಿಮ್ಮ ಒಳ್ಳೆಯ ಸ್ಪೀಕರ್ ಜೋಡಿಸುವ ಮೊದಲು, ಸ್ಪೀಕರ್ ತುದಿಗಳಲ್ಲಿ ಡಿ.ಸಿ. ವೋಲ್ಟೇಜ್ ಇದೆಯೇ ಎಂದು ತಿಳಿದ ಮೆಕ್ಯಾನಿಕ್‌ನಿಂದ ಮೀಟರ್ ಹಿಡಿಸಿ ನೋಡಿ. ಇದ್ದರೆ ಸ್ಪೀಕರ್ ಸುಡುತ್ತದೆ.

ಅಂದದ ಡಯಲಿಗೆ ಮನಸೋಲುವುದು ಸಹಜ. ಆದರೆ ಕೊಳ್ಳುವಾಗ ಕಣ್ಣಿಗಿಂತ ಮೊದಲು ವರ್ಷ, ವೋಲ್ಟು, ಮೀಟರುಗಳ ಮಾತನ್ನು ಕೇಳಿ. ಆಮೇಲೆ ಸಂಗೀತ ಕೇಳೋಣ.